ಮೂರು ಬೆರಳಿನ ಹಿಡಿ

ನನಗೆ ಸಿಟ್ಟು ಎಲ್ಲಿಂದಲೋ ಬರುವುದಲ್ಲ, ಅದು ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿದೆ. ಜಹೀರಾಬಾದಿನ ನನ್ನ ಮರದ ಲೇತ್ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತು. ಕೊಡಲಿಯ ಕಾವು, ಗುದ್ದಲಿಯ ಹಿಡಿ, ತೊಟ್ಟಿಲ ಕಾಲು ಮಾಡುತ್ತಿದ್ದವನು ಐದಾರು ವರ್ಷಗಳ ಹಿಂದೆ ಗಾಳದ ಕೋಲು ಕಟ್ಟಲು ಶುರು ಮಾಡಿದೆ. ಹೈದರಾಬಾದಿನಿಂದ ಕಾರ್ಬನ್ನಿನ ಬರಿಯ ಕಡ್ಡಿ ತರಿಸುವುದು, ಅದಕ್ಕೆ ಹಿಡಿ ಕೂಡಿಸುವುದು, ರೀಲು ಕೂರುವ ಸೀಟು ಬಿಗಿಯುವುದು, ದಾರ ಹಾಯುವ ಉಂಗುರಗಳನ್ನು ನೂಲಿನಿಂದ ಸುತ್ತಿ ಮೇಲೆ ಅಂಟು ಬಳಿಯುವುದು. ಹೀಗೆ ಕಟ್ಟಿದ ಮೊದಲ ಕೋಲನ್ನು ಯಾರಿಗೂ ಮಾರದೆ ಇಟ್ಟುಕೊಂಡಿದ್ದೆ. ಅದನ್ನು ನನ್ನ ಭಾವ ಗಂಗಾರಾಮ ಮುರಿದ. ಅದಕ್ಕೆ ನಾನು ಅವನ ಕೈ ಕಡಿದೆ.

ಹೋದ ವರ್ಷದ ಬೇಸಿಗೆಯ ಮಾತು. ಭಾವನ ಊರು ರಾಯಿಕೋಡಿನಿಂದಾಚೆ, ಸಿಂಗೂರು ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಕೂತು ನಾನು ಮೀನು ಕೊಯ್ಯುತ್ತಿದ್ದೆ. ಭಾವ ಹೇಳದೆ ಕೇಳದೆ ನನ್ನ ಕೋಲು ಒಯ್ದಿದ್ದ. ಬಂಡೆಗೆ ಸಿಕ್ಕಿಕೊಂಡ ಗಾಳವನ್ನು ಎತ್ತಿನ ಹಗ್ಗ ಜಗ್ಗಿದ ಹಾಗೆ ಜಗ್ಗಿ ಕೋಲನ್ನು ಎರಡು ತುಂಡು ಮಾಡಿಕೊಂಡು ಬಂದು, ನನ್ನ ಮುಂದೆ ಎಸೆದು ನಕ್ಕ.

"ಕೋಲೇ ಅಲ್ಲೇನೋ ಬಾಲ್ಯಾ. ಇನ್ನೊಂದು ಕಟ್ಟು. ನಿನಗರ ಬ್ಯಾರೆ ಏನು ಕೆಲಸದ?"

ಕೈಯಲ್ಲಿ ಮಚ್ಚಿತ್ತು, ಬೀಸಿದೆ. ಮುಖಕ್ಕೇ ಬೀಸಿದ್ದೆ, ಸುಳ್ಳು ಯಾಕೆ ಹೇಳಲಿ. ಅವನು ಬಲಗೈ ಅಡ್ಡ ತಂದ. ಕಿರುಬೆರಳು, ಉಂಗುರ ಬೆರಳು, ಅವುಗಳ ಜೊತೆ ಅಂಗೈಯ ಅಂಚು, ಎಲ್ಲ ಕತ್ತರಿಸಿ ಮೀನಿನ ಹುರುಪೆಗಳ ಮೇಲೆ ಬಿದ್ದವು. ರಕ್ತ ನನ್ನ ತುಟಿಗೆ ಸಿಡಿಯಿತು. ಅವನು ಬೇರೆ ಯಾರದೋ ಕೈ ನೋಡುವವನಂತೆ ತನ್ನ ಕೈ ನೋಡುತ್ತ ನಿಂತ. ನಾನು ಕಿಸೆಯಲ್ಲಿದ್ದ ನೂಲಿನ ಉಂಡೆ ತೆಗೆದು, ಕೋಲಿಗೆ ಉಂಗುರ ಕೂಡಿಸುವಾಗ ಸುತ್ತುವ ಹಾಗೆಯೇ, ಸಾಲು ತಪ್ಪದಂತೆ ಅವನ ಮಣಿಕಟ್ಟಿಗೆ ಸುತ್ತಿ ಬಿಗಿದೆ. ಕಡಿದದ್ದೂ ಅದೇ ಕೈ, ಕಟ್ಟಿದ್ದೂ ಅದೇ ಕೈ. ಅಷ್ಟರಲ್ಲಿ ಬುತ್ತಿ ಹೊತ್ತುಕೊಂಡು ಸಕ್ಕುಬಾಯಿ ಅಕ್ಕ ಬಂದಳು. ಬುತ್ತಿ ಇಳಿಸಿ, ಗಂಡನ ಎರಡು ಬೆರಳುಗಳನ್ನು ಹೆಕ್ಕಿ ಸೆರಗಿನಲ್ಲಿ ಕಟ್ಟಿಕೊಂಡಳು. ಪಟ್ಟಣದ ಆಸ್ಪತ್ರೆಯಲ್ಲಿ ಅವನ್ನು ಕೂಡಿಸಲಿಕ್ಕಾಗುವುದಿಲ್ಲ ಎಂದರು.

ಅಕ್ಕ ಎಂದರೆ ನನಗೆ ಅವ್ವ. ಹೆತ್ತವ್ವ ಸತ್ತಾಗ ನನಗೆ ನಾಲ್ಕು ವರ್ಷ. ಮದುವೆಯಾಗಿ ರಾಯಿಕೋಡಿಗೆ ಹೋಗುವಾಗ ಅಕ್ಕ ನನ್ನನ್ನೂ ಕಂಕುಳಲ್ಲಿಟ್ಟುಕೊಂಡು ಹೋದಳು. ಬೀಗರ ಮನೆಯಲ್ಲಿ ಯಾರೂ ಒಂದು ಮಾತು ಆಡದಂತೆ ನೋಡಿಕೊಂಡವನು ಇದೇ ಗಂಗಾರಾಮ. ಠಾಣೆಯಲ್ಲಿ ಅಂಗಾಲು ಬಾತುಕೊಳ್ಳುವಂತೆ ಬಡಿದರು, ಅದು ನೋಯಲಿಲ್ಲ. ನಲವತ್ತು ದಿನ ಜೈಲಿನಲ್ಲಿದ್ದೆ, ಅದೂ ನೋಯಲಿಲ್ಲ. ಜಾಮೀನಿನ ಮೇಲೆ ಹೊರಗೆ ಬಂದು ಸೀದಾ ರಾಯಿಕೋಡಿಗೆ ಹೋದಾಗ ಅಕ್ಕ ನನ್ನ ಮುಖ ನೋಡಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಅಗುಳಿ ಬಿದ್ದ ಸಪ್ಪಳಕ್ಕೆ ನಾನು ಅತ್ತೆ.

ಒಂದು ವರ್ಷದ ಮೇಲೆ ಹಿರಿಯರು ರಾಜಿಗೆ ಕೂತರು. ನಡುವೆ ಕೂತವರು ಶಾಂತಪ್ಪ ಸಾಹುಕಾರರು. ಕೊರಳಲ್ಲಿ ಲಿಂಗ, ಮೀನಿನ ವಾಸನೆ ಬಂದರೆ ಮೂಗಿಗೆ ಶಲ್ಯ. ಅಂಥವರು ಗಾಳದ ಕೋಲಿನ ನ್ಯಾಯ ಮಾಡಬೇಕಾಯಿತು.

"ಸಿಟ್ಟಿನಾಗ ಕೊಯ್ದ ಮೂಗು ತಿರುಗಿ ಬರಂಗಿಲ್ಲ," ಎಂದರು ಅವರು. "ಗಂಗಾರಾಮ, ನಿನಗ ಏನು ಬೇಕು ಹೇಳು."

ಭಾವ ನನ್ನ ಕಡೆ ನೋಡದೆ ಹೇಳಿದ. "ನನಗ ಗಾಳ ಹಾಕಾಕ ಆಗವಲ್ದು. ಕೋಲು ಕೈಯಾಗ ನಿಂದ್ರಂಗಿಲ್ಲ, ಗರಗರ ತಿರುಗ್ತದ. ನಿಂದ್ರೋ ಕೋಲು ಇವನೇ ಕಟ್ಟಿಕೊಡಲಿ. ನಿಂತರ ರಾಜಿ. ಇಲ್ಲಂದ್ರ ನಾ ಸಾಯೋತನ ಇವನ ಮಾರಿ ನಮ್ಮ ಹೊಸ್ತಿಲದಾಗ ಕಾಣಬಾರದು."

ಇಷ್ಟೇ ತಾನೆ ಎಂದುಕೊಂಡೆ. ಸಾಗವಾನಿ ಕಡೆದು, ಮೇಲೆ ಬೆಂಡಿನ ಪಟ್ಟಿ ಅಂಟಿಸಿ, ಬೆರಳು ಕೂರಲು ತಗ್ಗು ಕೊರೆದು, ಎಣ್ಣೆ ಹಚ್ಚಿ ಹೊಳೆಯಿಸಿ ಒಯ್ದೆ. ಜಗಳವಿರುವ ಮನೆಗಳ ನಡುವೆ ನಮ್ಮಲ್ಲಿ ನೀರೂ ನಡೆಯುವುದಿಲ್ಲ, ರಾಜಿಯಾಗುವವರೆಗೆ ಅವರು ಕೊಡಬಾರದು, ನಾವು ಕೇಳಬಾರದು. ಉರಿಬಿಸಿಲಿನಲ್ಲಿ ಅಂಗಳದಲ್ಲೇ ನಿಂತೆ. ಭಾವ ಕೋಲು ಹಿಡಿದು ಒಮ್ಮೆ ಬೀಸಿದ. ಅದು ಅವನ ಮುಷ್ಟಿಯಲ್ಲಿ ಹೊರಳಿ ನೆಲಕ್ಕೆ ಬಿತ್ತು. ಅವನು ಬಗ್ಗಿ ಹಿಡಿಯನ್ನು ನೋಡಿದ. ಅದರಲ್ಲಿ ನಾಲ್ಕು ಬೆರಳಿಗೆ ನಾಲ್ಕು ತಗ್ಗು, ಹೆಬ್ಬೆರಳಿಗೆ ಒಂದು ಕುಳಿ ಇದ್ದವು.

"ಐದು ಬೆರಳಿಗಿ ಮಾಡೀಯಲ್ಲೋ. ಒಂದು ಸಲನೂ ನನ್ನ ಕೈ ನೋಡಿಲ್ಲ ನೀ."

ಕೋಲನ್ನು ಎಡಗೈಯಿಂದ ಎತ್ತಿ ನನ್ನ ಮೇಲೆ ಎಸೆದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ನಾನು ತಿರುಗಿ ಹೊಡೆಯಲು ಮುಷ್ಟಿ ಎತ್ತಿದ್ದೂ ನಿಜ, ಹೊಸ್ತಿಲಲ್ಲಿ ಅಕ್ಕ ನಿಂತದ್ದು ಕಂಡು ಇಳಿಸಿದ್ದೂ ನಿಜ. ಅವನು ಹೇಳಿದ್ದು ಖರೇ. ಇಪ್ಪತ್ತು ವರ್ಷಗಳಿಂದ ಹಿಡಿ ಮಾಡುವವನು ನಾನು, ಕೈ ನೋಡದೆ ಹಿಡಿ ಕಡೆದವನಲ್ಲ. ಆ ಕೈ ನೋಡಲಾಗದೆ, ಹಳೆಯ ಇಡೀ ಕೈಯನ್ನು ನೆನಪಿಟ್ಟುಕೊಂಡು ಕಡೆದಿದ್ದೆ. ಹೋದ ಬೆರಳುಗಳನ್ನು ಮರದಲ್ಲಿ ತಿರುಗಿ ಕೊಡಹೊರಟಿದ್ದೆ. ಅಂಗಡಿಗೆ ಬಂದು ಆ ಹಿಡಿಯನ್ನು ಸುತ್ತಿಗೆಯಿಂದ ಚಕ್ಕೆ ಚಕ್ಕೆಯಾಗುವಂತೆ ಜಜ್ಜಿದೆ.

ಎಂಟು ದಿನ ಬಿಟ್ಟು ಮತ್ತೆ ಹೋದೆ. "ಭಾವ, ಕೈ ಅಳತಿ ಬೇಕ್ರಿ," ಎಂದೆ. "ಹಸಿಮಣ್ಣಿನಾಗ ಒಮ್ಮೆ ಮುಷ್ಟಿ ಒತ್ತಿಕೊಡ್ರಿ."

"ಮಣ್ಣು ಗಾಯಕ್ಕ ಉರೀತದ," ಎಂದ ಅವನು. ವರ್ಷ ಕಳೆದರೂ ಅಂಗೈಯ ಅಂಚು ಆಗಾಗ ಬಿರಿದು ಹಸಿಯಾಗುತ್ತಿತ್ತು.

ಒಳಗೆ ತಾಟು ಸಪ್ಪಳವಾಯಿತು. ಅಕ್ಕ ಕುದಿನೀರು ಹಾಕಿ ನಾದಿದ ಜೋಳದ ಹಿಟ್ಟಿನ ಮುದ್ದೆ ತಂದು ಗಂಡನ ಮುಂದಿಟ್ಟಳು. ನನ್ನ ಕಡೆ ನೋಡಲಿಲ್ಲ. ರೊಟ್ಟಿಗೆ ನಾದಿದ ಹಾಗೆಯೇ ನಾದಿದ್ದಳು, ಉಗುರುಬೆಚ್ಚಗಿತ್ತು. ನಾನು ಅದನ್ನು ಒಂದು ಕೋಲಿನ ತುಂಡಿಗೆ ಮೆತ್ತಿ ಹಿಡಿದೆ, ಭಾವ ಕೈ ಒತ್ತಿದ. ಆಗ ಕೈ ನೋಡಲೇಬೇಕಾಯಿತು. ಮೂರು ಬೆರಳು, ಆಮೇಲೆ ಕೆಂಪಗೆ ಬಿಗಿದುಕೊಂಡ ಚರ್ಮ, ಆಮೇಲೆ ಏನೂ ಇಲ್ಲ. ಜೋಳದ ಹಿಟ್ಟು ಆರಿದರೆ ಸೀಳುತ್ತದೆ, ಆದ್ದರಿಂದ ಜೊತೆಗೆ ಒಯ್ದಿದ್ದ ಮೂರ್ತಿ ಮಾಡುವ ಬಿಳಿಪುಡಿಯನ್ನು ಅಲ್ಲೇ ಅಂಗಳದಲ್ಲಿ ನನ್ನ ಬಾಟಲಿಯ ನೀರಿನಲ್ಲಿ ಕಲೆಸಿ ಆ ಗುರುತಿನೊಳಗೆ ಸುರಿದೆ. ಗಟ್ಟಿಯಾದ ಬಿಳಿ ಬೆರಳುಗಳನ್ನು ಅಂಗಿಯಲ್ಲಿ ಸುತ್ತಿಕೊಂಡು ಬನಿಯನ್ನಿನಲ್ಲೇ ಜಹೀರಾಬಾದಿಗೆ ಬಂದೆ.

ಅದನ್ನು ಲೇತಿನ ಮೇಲೆ ನೇತುಹಾಕಿ ಇಪ್ಪತ್ತೊಂದು ದಿನ ಕೆಲಸ ಮಾಡಿದೆ. ಕೋಲು ಹಿಡಿಯಲು ಮುಖ್ಯವಾದದ್ದು ಹೆಬ್ಬೆರಳೆಂದು ಜನ ತಿಳಿಯುತ್ತಾರೆ. ಅಲ್ಲ. ಬಿಗಿ ಇರುವುದು ಕೊನೆಯ ಎರಡು ಬೆರಳಿನಲ್ಲಿ. ನಾನು ತೆಗೆದದ್ದು ಅವನ್ನೇ. ಆ ಕೆಲಸವನ್ನು ಇನ್ನು ಮೊಣಕೈ ಮಾಡಬೇಕು. ಹಿಡಿಯನ್ನು ಹಿಂದಕ್ಕೆ ಮೊಣಕೈಯವರೆಗೆ ಉದ್ದ ಮಾಡಿದೆ, ಮುಂಗೈಗೆ ಬಿಗಿಯಲು ಎತ್ತಿನ ಗಂಟೆಸರದ ಹಳೆಯ ತೊಗಲಿನ ಪಟ್ಟಿ ಹೊಲಿದೆ. ಅಂಗೈ ಕಡಿದುಹೋದ ಕಡೆ ಮರದ ಉಬ್ಬು ಬಿಟ್ಟು ಅದರ ಮೇಲೆ ಮೆತ್ತನೆ ಬೆಂಡು ಹಾಸಿದೆ. ರೀಲಿನ ಸೀಟನ್ನು ಮೂರು ಬೆರಳಿನ ನಡುವೆ ಬರುವಂತೆ ಮುಂದಕ್ಕೆ ಸರಿಸಿದೆ. ಮುಂದೆ ಭಾರವಾದದ್ದರಿಂದ ತೂಕ ಸರಿಹೋಗಲೆಂದು ಮೊಣಕೈ ತುದಿಗೆ ಅರ್ಧ ಕಿಲೋ ಹಿತ್ತಾಳೆಯ ಗುಂಡು ಜಡಿದೆ. ಎಷ್ಟು ಸಲ ಉಳಿ ಜಾರಿ ನನ್ನ ಅಂಗೈ ಸೀಳಿತೋ ಲೆಕ್ಕವಿಲ್ಲ. ಸೀಳಿದಾಗೆಲ್ಲ ಸಮಾಧಾನವಾಗುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಪರೀಕ್ಷೆಯ ದಿನ ಬೆಳಿಗ್ಗೆ ಅದೇ ದಂಡೆಗೆ ಹೋದೆವು. ಶಾಂತಪ್ಪನವರು ಮೂಗಿಗೆ ಶಲ್ಯ ಕಟ್ಟಿಕೊಂಡು ದೂರದ ಬಂಡೆಯ ಮೇಲೆ ಕೂತರು. ಅಕ್ಕ ಮನೆಯಿಂದ ತುಂಬಿದ ಕೊಡ, ಚೊಂಬು ತಂದು ಗಂಡನ ಪಕ್ಕಕ್ಕಿಟ್ಟಿದ್ದಳು. ನಾನು ಭಾವನ ಮುಂಗೈಗೆ ಪಟ್ಟಿ ಬಿಗಿದು, ಹಿಡಿತ ನೋಡಲೆಂದು ಅವನ ಬಲಭುಜದ ಹಿಂದೆ ನಿಂತೆ.

ಎರಡು ತಾಸಿನ ಮೇಲೆ ಮೀನು ಕಚ್ಚಿತು. ದೊಡ್ಡ ಮರಲ್, ನಮ್ಮ ಕಡೆ ಅದಕ್ಕಿಂತ ಹಟಮಾರಿ ಮೀನಿಲ್ಲ. ಕೋಲು ಬಿಲ್ಲಾಗಿ ಬಾಗಿತು, ರೀಲು ಕಿರುಚಿತು, ಭಾವ ಮೊಣಕಾಲುದ್ದ ನೀರಿಗಿಳಿದ. ನನ್ನ ಕಣ್ಣು ಅವನ ಕೈ ಬಿಟ್ಟು ಬೇರೇನೂ ನೋಡಲಿಲ್ಲ. ಹಿಡಿ ಹೊರಳಲಿಲ್ಲ. ಮೀನು ಬಲಕ್ಕೆ ಎಳೆಯಿತು, ಎಡಕ್ಕೆ ಎಳೆಯಿತು, ಹಿಡಿ ಎಲುಬಿಗೆ ಎಲುಬು ಕೂತಂತೆ ಕೂತಿತ್ತು. ಕೊನೆಗೆ ಮೀನನ್ನು ದಂಡೆಗೆಳೆದು, ಎಡಗೈಯಲ್ಲಿ ಕಲ್ಲು ಎತ್ತಿ ಅದರ ತಲೆಗೆ ಒಂದು, ಎರಡು, ಮೂರು ಏಟು ಹಾಕಿದ. ಮೀನು ಎರಡನೆಯದಕ್ಕೇ ಸತ್ತಿತ್ತು.

"ಭಾವ," ಎಂದೆ ಹಿಂದಿನಿಂದ, "ಹಿಡಿತ ಹ್ಯಾಂಗದರಿ?"

ಅವನು ತಿರುಗಲಿಲ್ಲ. ಮೊಣಕೈಯನ್ನು ಹಿಂದಕ್ಕೆ ಬೀಸಿದ. ಅರ್ಧ ಕಿಲೋ ಹಿತ್ತಾಳೆ ನನ್ನ ಬಾಯಿಗೆ ಬಂತು. ದವಡೆಯೊಳಗೆ ಏನೋ ಮುರಿದ ಸಪ್ಪಳ ತಲೆಯೊಳಗಿನಿಂದಲೇ ಕೇಳಿಸಿತು. ಬಿದ್ದೆ. ಎದ್ದು ಕೂರುವಷ್ಟರಲ್ಲಿ ಇನ್ನೊಂದು ಬಂತು, ಕಿವಿಯ ಮೇಲೆ. ಕೈ ಎತ್ತಲಿಲ್ಲ. ಮಣ್ಣಿನಲ್ಲಿ ಬಿದ್ದು ಮೇಲೆ ನೋಡಿದರೆ, ಭಾವ ಅಳುತ್ತಿದ್ದ. ಅವನ ಮೂರು ಬೆರಳು ನಾನು ಕೊರೆದ ಮೂರು ತಗ್ಗಿನಲ್ಲಿ ಸರಿಯಾಗಿ ಕೂತಿದ್ದವು.

ಶಾಂತಪ್ಪನವರು ಓಡಿ ಬಂದು ನಡುವೆ ನಿಂತರು. ಏದುಸಿರು ಬಿಡುತ್ತ ಅವರು ಕೇಳಿದ್ದು ಒಂದೇ ಮಾತು. "ನಿಂತದೇನೋ ಗಂಗಾರಾಮ?"

"ನಿಂತದ್ರಿ," ಎಂದ ಭಾವ. "ಬರೋಬರ್ ನಿಂತದ."

ಅವನು ಎಡಗೈಯಿಂದ ಪಟ್ಟಿ ಜಗ್ಗಿದ, ಬಿಚ್ಚಲು ಬರಲಿಲ್ಲ. ನಾನು ತೆವಳಿಕೊಂಡು ಹೋಗಿ ಬಿಚ್ಚಿಕೊಟ್ಟೆ. ಬಾಯಿಯಿಂದ ಮೂರು ಹಲ್ಲು ಮಣ್ಣಿಗೆ ಬಿದ್ದವು. ಎರಡು ಬೆರಳಿಗೆ ಮೂರು ಹಲ್ಲು, ಒಂದು ಹೆಚ್ಚಿಗೆ ಹೋಯಿತಲ್ಲ ಭಾವ ಎನ್ನಬೇಕೆಂದಿದ್ದೆ, ನಾಲಗೆ ತಿರುಗಲಿಲ್ಲ.

ಅಕ್ಕ ಬಂದು ನನ್ನ ಮುಂದೆ ಕೂತಳು. ನನ್ನ ಮೂರು ಹಲ್ಲನ್ನು ಹೆಕ್ಕಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಕೊಡದಿಂದ ಚೊಂಬು ತುಂಬಿ ನನ್ನ ತುಟಿಗೆ ಹಿಡಿದಳು. ಬಾಯಿ ತುಂಬ ರಕ್ತವಿತ್ತು, ಮುಕ್ಕಳಿಸಿ ಉಗುಳಲು ಮುಖ ಪಕ್ಕಕ್ಕೆ ತಿರುಗಿಸಿದೆ. ಅವಳು ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಉಗುಳಬ್ಯಾಡ ಬಾಲು," ಎಂದಳು. "ನಮ್ಮನಿ ನೀರದ. ನುಂಗು."

ರಕ್ತದ ಜೊತೆಗೇ ನುಂಗಿದೆ.