ಪ್ಯಾಟ್ರಿಕ್ ಮನೆಯಲ್ಲಿಟ್ಟ ಪ್ರಸ್ಥಾನ

ನಾಣಿ ವಿಮಾನ ಹತ್ತುವುದಿಲ್ಲ ಎನ್ನುವುದು ಮಲೇಷ್ಯಾದ ಸುಬಾಂಗ್ ಜಯಾದ ಕನ್ನಡದವರಿಗೆಲ್ಲ ಗೊತ್ತಿತ್ತು. ಯಾಕೆ ಹತ್ತುವುದಿಲ್ಲ ಎನ್ನುವುದು ಅವನ ಹೆಂಡತಿ ವೇದಾಳಿಗೆ ಮಾತ್ರ ಗೊತ್ತಿತ್ತು.

ಊರಿಗೆ ಹೇಳಲು ಅವನ ಬಳಿ ಭೂಮಿತಾಯಿ ಇದ್ದಳು. ಒಂದು ವಿಮಾನ ಮೇಲೆದ್ದರೆ ಆಕೆಯ ಎದೆಗೆ ಒಂದು ಗುದ್ದು ಬಿದ್ದ ಹಾಗೆ ಎಂದು ಅವನು ಹೇಳುತ್ತಿದ್ದ, ಅದೂ ಎಸಿ ಹಾಕಿ, ಚಳಿಯಾಗಿ, ಮೇಲೊಂದು ಶಾಲು ಹೊದ್ದುಕೊಂಡು. ನಿಜ ಸಂಗತಿ ಬೇರೆ. ಕೆಲಸ ಸಿಕ್ಕಿ ಬೆಂಗಳೂರಿನಿಂದ ಮಲೇಷ್ಯಾಕ್ಕೆ ಬರುವಾಗ, ಬಂಗಾಳ ಕೊಲ್ಲಿಯ ಮೇಲೆ ವಿಮಾನ ಒಮ್ಮೆ ಧಡಕ್ಕನೆ ಕುಸಿದಿತ್ತು. ಆಚೆ ಸಾಲಿನಲ್ಲಿ ಕೂತಿದ್ದ ವೇದಾ ನೋಡುತ್ತಿದ್ದಂತೆಯೇ ನಾಣಿ ತನ್ನ ಪಕ್ಕದಲ್ಲಿದ್ದ ಗುರುತಿಲ್ಲದ ಮಲಯ್ ಅಜ್ಜಿಯ ಕೈ ಹಿಡಿದವನು ನೆಲ ಮುಟ್ಟುವವರೆಗೂ ಬಿಡಲಿಲ್ಲ. ಅಜ್ಜಿ ತನ್ನ ದೇವರನ್ನು ಕರೆದಳು, ಇವನು ವಿಷ್ಣುಸಹಸ್ರನಾಮ ಹಿಡಿದ. ಇಳಿಯುವಾಗ ಅಜ್ಜಿ ಅವನ ತಲೆ ಸವರಿ ಒಂದು ಪೆಪ್ಪರ್‌ಮಿಂಟು ಕೊಟ್ಟು ಹೋದಳು. ಅಂದಿನಿಂದ ಪೆನಾಂಗಿಗೆ ರೈಲು, ಸಿಂಗಪುರಕ್ಕೆ ಬಸ್ಸು, ಮೈಸೂರಿಗೆ ವೇದಾ ಒಬ್ಬಳೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾಣಿ ಒಂದು ಹೆಜ್ಜೆ ಮುಂದೆ ಹೋಗಿ ಆಕಾಶವೇ ಡೊಂಕು ಅಂದ. ಗಂಡನ ಮಾನ ಉಳಿಯಲಿ ಎಂದು ವೇದಾ ಬಾಯಿ ಬಿಡಲಿಲ್ಲ. ಆ ಸುಮ್ಮನಿರುವಿಕೆಯೇ ತನಗೆ ಮುಳುವಾಗುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

ಮಗಳು ಪೂರ್ವಿ ಹ್ಯಾಂಬರ್ಗಿನಲ್ಲಿ ಮನೆ ಮಾಡಿದ್ದಳು. ಎರಡು ಸಾವಿರದ ಇಪ್ಪತ್ತರ ಏಪ್ರಿಲ್ ಕೊನೆಗೆ ಚೊಚ್ಚಲ ಹೆರಿಗೆ. ಬಾಣಂತನ ಮಾಡುವುದು ತಾಯಿಯ ಹಕ್ಕು. ವೇದಾ ಫೆಬ್ರವರಿಯಲ್ಲೇ ಹೊರಟುಬಿಡುತ್ತೇನೆ ಅಂದಳು.

"ಒಬ್ಬಳೇ ಯಾಕೆ? ಇಬ್ರೂ ಹೋಗೋಣ," ಅಂದ ನಾಣಿ. "ಆದ್ರೆ ಫ್ಲೈಟ್ ಇಲ್ದೆ."

ಅವನ ಯೋಜನೆ ಕೇಳಿದವರು ಎದ್ದು ನಿಂತು ಕೈ ಮುಗಿಯಬೇಕು, ಹಾಗಿತ್ತು. ಕ್ಲಾಂಗ್ ಬಂದರಿನಲ್ಲಿ ಕ್ರೂಸ್ ಹಡಗು ಹತ್ತಿ ಇಟಲಿಯ ಜಿನೋವಾದಲ್ಲಿ ಇಳಿಯುವುದು. ಅಲ್ಲಿಂದ ರೈಲಿನಲ್ಲಿ ಮಿಲಾನ್, ಜ್ಯೂರಿಕ್ ಹಾದು ಹ್ಯಾಂಬರ್ಗ್. ಬಾಣಂತನ ಮುಗಿದ ಮೇಲೆ ಪ್ಯಾರಿಸ್ ದಾರಿಯಾಗಿ ರೈಲಿನಲ್ಲೇ ಬಾರ್ಸಿಲೋನಾಗೆ ಹೋಗಿ, ಅಲ್ಲಿಂದ ಇನ್ನೊಂದು ಹಡಗು. ಯುರೋಪನ್ನು ಬಂದರಿನಿಂದ ಬಂದರಿಗೆ ನೆಲದ ಮೇಲೇ ದಾಟುವುದು.

ಕೆಳಗಿನ ಮಹಡಿಯ ಪ್ಯಾಟ್ರಿಕ್ ಮಂಗಳೂರಿನವನು, ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಮ್ಯಾನೇಜರ್. ಅವನು ನಕ್ಕ. "ಎಂತ ಭೂಮಿತಾಯಿ ಮಾರಾಯ್ರೆ! ಆ ಹಡಗು ಕುಡಿಯುವ ಎಣ್ಣೆ ಒಮ್ಮೆ ನೋಡಿ. ನಿಮ್ಮ ಭೂಮಿತಾಯಿ ಎದೆ ಬಡ್ಕೊಂಡು ಅಳ್ತಾಳೆ."

ನಾಣಿಗೆ ಅದು ಕೇಳಿಸಲಿಲ್ಲ. ಬೇಡದ್ದು ಕೇಳಿಸದ ಕಿವಿ ಅವನಿಗೆ ಹುಟ್ಟಿನಿಂದಲೇ ಬಂದಿತ್ತು.

ಹಡಗು ಹೊರಡುವ ದಿನ ನೋಡಿದರೆ ಅಮಾವಾಸ್ಯೆ. ಅದಕ್ಕೆ ಹಿರಿಯರು ಮಾಡಿಟ್ಟ ಉಪಾಯ ಇದ್ದೇ ಇತ್ತಲ್ಲ, ಪ್ರಸ್ಥಾನ ಇಡುವುದು. ಹೊರಡುವ ದಿನ ಸರಿಯಿಲ್ಲದಿದ್ದರೆ ಮುಂಚೆಯೇ ಒಳ್ಳೆಯ ಗಳಿಗೆ ನೋಡಿ ಪೆಟ್ಟಿಗೆಯನ್ನು ನೆರೆಮನೆಯಲ್ಲಿ ಇಟ್ಟು ಬರಬೇಕು. ಪೆಟ್ಟಿಗೆ ಹೊಸ್ತಿಲು ದಾಟಿತೆಂದರೆ ಯಜಮಾನ ಹೊರಟ ಹಾಗೆಯೇ ಲೆಕ್ಕ. ಒಂದೇ ಕಟ್ಟಳೆ, ಪ್ರಯಾಣ ಮುಗಿಯದೆ ಅದನ್ನು ಮನೆಗೆ ವಾಪಸು ತರಬಾರದು. ಮಾರ್ಚಿನ ಮೊದಲ ವಾರ ನಾಣಿ ಕೆಂಪು ಸೂಟ್‌ಕೇಸನ್ನು ಲಿಫ್ಟಿನಲ್ಲಿ ಇಳಿಸಿ, ಪ್ಯಾಟ್ರಿಕ್ ಮನೆಯ ಹಾಲಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿ, ಕುಂಕುಮ ಇಟ್ಟ.

"ಯುರೋಪಿಗೆ ಹೋಗೋಕೆ ನಿಮ್ಮನೆಗಿಂತ ಒಳ್ಳೆ ದಿಕ್ಕು ಯಾವುದಿದೆ ಪ್ಯಾಟ್ರಿಕ್?" ಅಂದ.

ಆ ಪೆಟ್ಟಿಗೆಯಲ್ಲಿ ಅರ್ಧ ಅವನ ಕೋಟು, ಉಣ್ಣೆಬಟ್ಟೆ, ಒಳ್ಳೆಯ ಪ್ಯಾಂಟುಗಳು. ಇನ್ನರ್ಧ ವೇದಾಳ ಬಾಣಂತನ. ಅಂಟಿನುಂಡೆ, ಮೆಣಸು ಹಿಪ್ಪಲಿಯ ಪುಡಿ, ಕೂಸನ್ನು ಸುತ್ತಲು ಒಗೆದೊಗೆದು ಮೆತ್ತಗಾದ ಸೀರೆಯ ತುಂಡುಗಳು, ಕರಿಮಣಿ ಪೋಣಿಸಿದ ಒಂದು ಜೊತೆ ಬಜೆ ಬಳೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ಅವಳು ಕುಲಾವಿಯನ್ನೂ ಹೊಲಿದು ಇಟ್ಟಿದ್ದಳು.

ಹಡಗು ಹೊರಡುವ ಮೊದಲೇ ಬಂದರುಗಳು ಕ್ರೂಸ್ ಹಡಗುಗಳಿಗೆ ಬಾಗಿಲು ಹಾಕಿದವು. ಹಿಂದೆಯೇ ದೇಶಕ್ಕೇ ಬೀಗ ಬಿತ್ತು.

ಪೂರ್ವಿ ಹೆತ್ತಳು, ಹೆಣ್ಣು ಮಗು. ಫೋನಿನಲ್ಲಿ ನೋಡಿದರೆ ಹಸಿ ಬಾಣಂತಿ ಕಿಟಕಿ ತೆರೆದಿಟ್ಟುಕೊಂಡು ತಣ್ಣನೆಯ ಬ್ರೆಡ್ಡು, ಚೀಸು ತಿನ್ನುತ್ತಿದ್ದಾಳೆ. "ಕಿವಿಗೆ ಹತ್ತಿ ಇಟ್ಕೊಳ್ಳೇ," ಎಂದು ವೇದಾ ಗೋಗರೆದಳು. "Amma, it's fine, ಎಲ್ಲಾ ಓಕೆ," ಅಂದವಳು ಫೋನ್ ಇಡುವ ಮುಂಚೆ ಮುಖ ಆ ಕಡೆ ತಿರುಗಿಸಿ ಬಿಕ್ಕಿದಳು. ವೇದಾ ನೋಡಿಬಿಟ್ಟಳು. ಫೆಬ್ರವರಿಯ ವಿಮಾನ ಹತ್ತಿದ್ದರೆ ತಾನೀಗ ಆ ಕಿಟಕಿ ಮುಚ್ಚುತ್ತಿದ್ದೆ ಎಂದು ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅದು ಆಮೇಲೆ ಆರಲೇ ಇಲ್ಲ.

ನಾಣಿಗೆ ಮಾತ್ರ ಆ ದಿನಗಳು ಸುಗ್ಗಿ. ಕನ್ನಡದವರ ಜೂಮ್ ಕೂಟದಲ್ಲಿ ಯಾರೋ ಅವನ ಹಡಗಿನ ವಿಷಯ ಎತ್ತಿದರು. ಮುಂದಿನ ಭಾನುವಾರದಿಂದ 'ನೆಲದ ಮೇಲೆ ಯುರೋಪು' ಎಂಬ ಉಪನ್ಯಾಸ ಮಾಲೆ ಶುರುವಾಯಿತು. ಬೆನ್ನ ಹಿಂದೆ ಆಲ್ಪ್ಸ್ ಪರ್ವತದ ಚಿತ್ರ, ಮೈಮೇಲೆ ಪ್ಯಾಟ್ರಿಕ್‌ನ ಮದುವೆಯ ಕೋಟು, ಏಕೆಂದರೆ ಸ್ವಂತದ್ದು ಪ್ರಸ್ಥಾನದಲ್ಲಿತ್ತು. ಕೆಳಗೆ ಲುಂಗಿ.

"ಮಿಲಾನ್‌ನಲ್ಲಿ ಇಳಿದ ತಕ್ಷಣ ಎಡಕ್ಕೆ ತಿರುಗಬೇಡಿ, ಎಲ್ಲಾ ಟೂರಿಸ್ಟ್‌ಗಳೂ ಅದೇ ತಪ್ಪು ಮಾಡೋದು," ಎಂದು ಅವನು ಎಚ್ಚರಿಸುತ್ತಿದ್ದ. ಮಿಲಾನ್ ಇರಲಿ, ಅವನು ಮೂಲೆಯ ಮಾಮಕ್ ಅಂಗಡಿಗೆ ರೊಟ್ಟಿ ಚನಾಯ್ ತಪಾವ್ ಮಾಡಲು, ಅಂದರೆ ಕಟ್ಟಿಸಿಕೊಂಡು ಬರಲು, ಹೋಗಿಯೂ ತಿಂಗಳಾಗಿತ್ತು. ಬಾಂಗ್ಸಾರಿನ ಜಲಜಾ ಎಂಬಾಕೆ ಒಮ್ಮೆ ಕೇಳಿಯೇ ಬಿಟ್ಟಳು, "ಸರ್, ನೀವು ಹೋಗಿ ಬಂದದ್ದು ಯಾವಾಗ?"

"ಹೋಗ್ತಾನೇ ಇದ್ದೀನಿ," ಅಂದ ನಾಣಿ ಗಂಭೀರವಾಗಿ. "ಪ್ರಸ್ಥಾನ ಇಟ್ಟಾಗಿದೆಯಮ್ಮ. ಶಾಸ್ತ್ರದ ಪ್ರಕಾರ ನಾನೀಗ ಪ್ರಯಾಣದಲ್ಲಿದ್ದೀನಿ. ಪೆಟ್ಟಿಗೆ ಎಲ್ಲೋ ಯಜಮಾನ ಅಲ್ಲೇ."

ಎಲ್ಲರೂ ಚಪ್ಪಾಳೆಯ ಚಿಹ್ನೆ ಹಾಕಿದರು. ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ವೇದಾ ಆ ಮಾತನ್ನು ಗಂಟು ಹಾಕಿಟ್ಟುಕೊಂಡಳು.

ಪೆಟ್ಟಿಗೆ ಪ್ಯಾಟ್ರಿಕ್ ಮನೆಯಲ್ಲೇ ಬೇರು ಬಿಟ್ಟಿತು. ಅವನ ಹೆಂಡತಿ ಎಮೆಲ್ಡಾ ಅದರ ಮೇಲೊಂದು ಕಸೂತಿ ಬಟ್ಟೆ ಹಾಸಿದಳು. ಹಗಲು ಅದು ಪ್ಯಾಟ್ರಿಕ್‌ನ ಕಚೇರಿಯ ಮೇಜು. ಎರಡು ಕ್ರಿಸ್ಮಸ್ಸಿಗೂ ಬಾಲಯೇಸುವಿನ ಗೋದಲಿ ಅದರ ಮೇಲೇ ಏರಿತು. ವಾಪಸು ಒಯ್ಯಿರಿ ಎಂದರೆ ನಾಣಿ ಹೌಹಾರುತ್ತಿದ್ದ. "ಅಪಶಕುನ ಲಾ, ಪ್ಯಾಟ್ರಿಕ್!"

ಮರುವರ್ಷದ ಕೊನೆಗೆ ಪೂರ್ವಿ ಮತ್ತೆ ಬಸುರಿ ಎಂಬ ಸುದ್ದಿ ಬಂತು. ಮೇ ತಿಂಗಳಲ್ಲಿ ಹೆರಿಗೆ. ಈ ಸಲ ಅವಳೇ ಬಾಯಿಬಿಟ್ಟು ಕೇಳಿದಳು, "Amma, please come. ಹೋದ್ಸಲ I couldn't manage." ಏಪ್ರಿಲ್ ಒಂದಕ್ಕೆ ಮಲೇಷ್ಯಾದ ಗಡಿ ತೆರೆಯುತ್ತದೆಂದೂ ಪ್ರಕಟವಾಯಿತು.

ವೇದಾ ಗಂಡನ ಎದುರು ಕುಳಿತಳು. "ಈ ಸಲ ನಾನು ಹೋಗ್ಲೇಬೇಕು ರೀ."

"ಹೋಗೋಣ. ಅಕ್ಟೋಬರಿಗೆ ಹಡಗು ಶುರುವಾಗ್ಬಹುದು ಅಂತಿದಾರೆ."

"ಹೆರಿಗೆ ಮೇನಲ್ಲಿ."

"ಮಗು ಎಲ್ಲಿಗೆ ಓಡಿ ಹೋಗುತ್ತೆ? ಇಬ್ರೂ ಹಡಗಲ್ಲೇ ಹೋಗ್ತೀವಿ ಅಂತ ಎರಡು ವರ್ಷದಿಂದ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಈಗ ನನ್ನ ಹೆಂಡ್ತಿನೇ ಫ್ಲೈಟ್ ಹತ್ತಿದ್ರೆ ಜನ ಏನಂತಾರೆ?"

ವೇದಾ ಅವನ ಮುಖವನ್ನೇ ನೋಡಿದಳು. ಹೆದರಿಕೆಗೆ ಅವಳು ಕರುಣೆ ತೋರಿಸಬಲ್ಲಳು, ಇಷ್ಟು ವರ್ಷ ತೋರಿಸಿಯೂ ಇದ್ದಳು. ಆದರೆ ಈಗ ಎದುರಿಗೆ ಕುಳಿತಿದ್ದುದು ಹೆದರಿಕೆಯಲ್ಲ, ಬರೀ ಜಂಬ. ಮಗಳ ಬಾಣಂತನಕ್ಕಿಂತ ಭಾನುವಾರದ ಚಪ್ಪಾಳೆ ದೊಡ್ಡದೆನ್ನುವ ಜಂಬ. ಅವಳಿಗೆ ಅಸಹ್ಯವಾಯಿತು.

ಅವಳು ಜಗಳವಾಡಲಿಲ್ಲ. ವೀಸಾ ಮಾಡಿಸಿದಳು, ಟಿಕೆಟ್ ತೆಗೆದಳು. ಪ್ಯಾರಿಸ್ಸಿನಿಂದ ಬಾರ್ಸಿಲೋನಾಗೆ ಹೋಗುವಾಗ ರೈಲಿನ ಯಾವ ಬದಿಯಲ್ಲಿ ಕೂತರೆ ಸಮುದ್ರ ಕಾಣುತ್ತದೆ ಎಂದು ಪತ್ತೆ ಮಾಡುವುದರಲ್ಲಿದ್ದ ನಾಣಿಗೆ ಒಂದೂ ತಿಳಿಯಲಿಲ್ಲ.

ಯುಗಾದಿಯ ಮಾರನೆಯ ಬೆಳಿಗ್ಗೆ ಅವಳು ಪ್ಯಾಟ್ರಿಕ್ ಮನೆಗೆ ಇಳಿದು ಪೆಟ್ಟಿಗೆಯನ್ನು ಮಲಗಿಸಿ ತೆರೆದಳು. ಅಂಟಿನುಂಡೆ ಕಲ್ಲಾಗಿತ್ತು, ಪುಡಿಗೆ ಹುಳು ಬಿದ್ದಿತ್ತು. ಸೀರೆಯ ತುಂಡುಗಳು ಹಾಗೆಯೇ ಇದ್ದವು. ಬಜೆ ಬಳೆಯನ್ನು ಎತ್ತಿ ಬೆರಳಿಗೆ ಸಿಕ್ಕಿಸಿಕೊಂಡಳು. ಎರಡು ಬೆರಳಿಗೇ ಬಿಗಿಯಾಯಿತು. ಈ ಬಳೆ ತೊಡಬೇಕಿದ್ದ ಮೊಮ್ಮಗಳು ಅನನ್ಯ ಈಗ ಓಡಾಡುತ್ತಾಳೆ, ಸೈಕಲ್ ಬೇಕೆಂದು ಹಟ ಮಾಡುತ್ತಾಳೆ, ಅಜ್ಜಿಯನ್ನು ಒಮ್ಮೆಯೂ ಮುಟ್ಟಿಲ್ಲ. ವೇದಾ ಗೊಳೋ ಎಂದು ಅತ್ತುಬಿಟ್ಟಳು. ಎಮೆಲ್ಡಾ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹುಳು ಬಿದ್ದ ಪುಡಿಯನ್ನು ಕಸದ ಚೀಲಕ್ಕೆ ಸುರಿದಳು.

ಅತ್ತು ಮುಗಿದ ಮೇಲೆ ನಾಣಿಯ ಕೋಟು, ಪ್ಯಾಂಟು, ಉಣ್ಣೆ ಟೋಪಿಗಳನ್ನೆಲ್ಲ ತೆಗೆದು ಎಮೆಲ್ಡಾಳ ಸೋಫಾದ ಮೇಲೆ ಪೇರಿಸಿದಳು. ಆ ಜಾಗಕ್ಕೆ ಹಿಂದಿನ ದಿನ ಮಾಡಿದ ಹೊಸ ಅಂಟಿನುಂಡೆ, ಹೊಸ ಪುಡಿ, ತನ್ನ ಬಟ್ಟೆ ತುಂಬಿದಳು.

ಟ್ಯಾಕ್ಸಿಗೆ ಪೆಟ್ಟಿಗೆ ಏರಿಸುವಾಗ ಸುದ್ದಿ ತಿಳಿದು ನಾಣಿ ಲುಂಗಿಯಲ್ಲೇ ಓಡಿ ಬಂದ.

"ಏಯ್, ಅದು ಪ್ರಸ್ಥಾನದ ಪೆಟ್ಟಿಗೆ! ನನ್ನ ಪ್ರಯಾಣದ್ದು! ಅದನ್ನ ಫ್ಲೈಟಲ್ಲಿ..."

"ಮನೆಗೆ ವಾಪಸ್ ತರಬಾರ್ದು ಅಂತ ತಾನೇ ಇರೋದು? ತರ್ತಾ ಇಲ್ಲ, ಮುಂದಕ್ಕೇ ಹೋಗ್ತಿದೆ."

"ನಾನು ಹೋಗ್ದೆ ಅದು ಹೇಗೆ ಹೋಗುತ್ತೆ?"

"ಎರಡು ವರ್ಷ ಪೆಟ್ಟಿಗೆ ಪ್ಯಾಟ್ರಿಕ್ ಮನೇಲಿದ್ದಾಗ ನೀವು ಯುರೋಪ್ ಪ್ರಯಾಣದಲ್ಲಿದ್ರಲ್ಲ. ಹಾಗೇ." ವೇದಾ ಟ್ಯಾಕ್ಸಿಯ ಬಾಗಿಲು ತೆರೆದಳು. ನಾಣಿಯ ಮುಖ ಬಿಳಿಚಿಕೊಂಡಿತ್ತು, ಬಂಗಾಳ ಕೊಲ್ಲಿಯ ಮೇಲೆ ಇದ್ದ ಅದೇ ಮುಖ. ಅವಳ ಮನಸ್ಸು ಒಂದು ಗಳಿಗೆ ಕರಗಿತು. "ಈಗಲೂ ಬನ್ನಿ. ಇವತ್ತಲ್ಲದಿದ್ರೆ ವೀಸಾ ಸಿಕ್ಕಿದ್ಮೇಲೆ. ದಾರಿಯುದ್ದಕ್ಕೂ ಕೈ ಹಿಡ್ಕೋತೀನಿ, ಯಾರಿಗೂ ಹೇಳಲ್ಲ. ನಾನೇ ವಾಪಸ್ ಬಂದು ಕರ್ಕೊಂಡು ಹೋಗ್ತೀನಿ."

ನಾಣಿ ಸುತ್ತ ನೋಡಿದ. ಪ್ಯಾಟ್ರಿಕ್ ನಿಂತಿದ್ದ, ಎಮೆಲ್ಡಾ ನಿಂತಿದ್ದಳು, ಕಾವಲುಗಾರನೂ ನಿಂತಿದ್ದ.

"ಭೂಮಿತಾಯಿ..." ಎಂದು ಶುರು ಮಾಡಿದ.

ವೇದಾ ಬಾಗಿಲು ಹಾಕಿಕೊಂಡಳು.

ಮೇ ತಿಂಗಳಲ್ಲಿ ಪೂರ್ವಿಗೆ ಗಂಡು ಮಗುವಾಯಿತು. ವೇದಾ ಕಿಟಕಿ ಮುಚ್ಚಿದಳು, ಮಗಳ ಕಿವಿಗೆ ಹತ್ತಿ ಇಟ್ಟಳು, ಮೆಣಸಿನ ಪುಡಿ ಅನ್ನ ಕಲಸಿ ಕೈತುತ್ತು ಹಾಕಿದಳು. ಬಜೆ ಬಳೆ ಕೂಸಿಗೆ ಸರಿಯಾಯಿತು. ತನಗೂ ಬೇಕೆಂದು ಅನನ್ಯ ಕೈ ಒಡ್ಡಿದಾಗ ಅದು ಅವಳ ಹೆಬ್ಬೆರಳಿನ ಬುಡದಲ್ಲೇ ನಿಂತಿತು. ವೇದಾ ಆ ಪುಟ್ಟ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

ನಾಮಕರಣದ ದಿನ ನಾಣಿ ಫೋನಿನ ಪರದೆಯಲ್ಲಿ ಬಂದ. ಕೋಟು ಈಗ ಅವನದೇ. ಮೊಮ್ಮಗನನ್ನು ನೋಡಿದ, ಕಣ್ಣು ಒರೆಸಿಕೊಂಡ, ಆಮೇಲೆ ಹಡಗು ಅಕ್ಟೋಬರಿನಿಂದ ಮಾರ್ಚಿಗೆ ಹೋಗಿದೆ ಎಂದು ತಿಳಿಸಿದ.

ಪೂರ್ವಿಗೆ ತಡೆಯಲಾಗಲಿಲ್ಲ. "Appa, seriously, ನೀವು ಯಾವಾಗ ಬರ್ತೀರಾ?"

ನಾಣಿ ಬಾಯಿ ತೆರೆದ. ಅವನಿಗಿಂತ ಮೊದಲು ವೇದಾ, ಕೂಸನ್ನು ಸೀರೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತುತ್ತಾ, ತಲೆ ಎತ್ತದೆಯೇ ಹೇಳಿದಳು.

"ನಿಮ್ಮಪ್ಪ ಆಗ್ಲೇ ಬಂದಾಯ್ತಲ್ಲೇ. ಬಾಗಿಲ ಹಿಂದೆ ನಿಲ್ಲಿಸಿದೀನಿ ನೋಡು, ಕೆಂಪಗೆ."