ಹಿಂದಿನ ಬೆಂಚಿನ ವರದಿ

ನನ್ನ ಓರಗಿತ್ತಿ ನನಗೆ ಮೋಸ ಮಾಡಿದಳು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಅವಳು ನನ್ನ ಮೈದುನನ ಹೆಂಡತಿ. ಅವರು ಮಹಡಿಯ ಮೇಲೆ, ನಾವು ಕೆಳಗೆ. ಇಬ್ಬರಿಗೂ ಒಂದೇ ಶಾಲೆಯಲ್ಲಿ ಕೆಲಸ. ನಾನು ಹದಿನಾಲ್ಕು ವರ್ಷ ಗಣಿತ ಹೇಳಿಕೊಟ್ಟವಳು. ಕಂಪ್ಯೂಟರ್ ಮೇಷ್ಟ್ರು ಕೆಲಸ ಬಿಟ್ಟುಹೋದಾಗ ಹೆಡ್ಮಾಸ್ಟರು "ನೀವೇ ನೋಡ್ಕೊಳ್ಳಿ" ಅಂದರು. ಅಷ್ಟೇ, ನಾನು ಕಂಪ್ಯೂಟರ್ ಟೀಚರಾದೆ. ಅವಳು ಕಾಲೇಜಿನಲ್ಲಿ ಅದನ್ನೇ ಓದಿದವಳು. ಮದುವೆಯಾಗಿ ಬಂದ ಮೇಲೆ ಹೆಡ್ಮಾಸ್ಟರ ಹತ್ತಿರ ಹತ್ತು ಸಲ ಹೇಳಿ, ಕೆಳಗಿನ ತರಗತಿಗಳಿಗೆ ಅವಳನ್ನು ಸೇರಿಸಿದ್ದು ನಾನೇ.

ಹೋದ ವರ್ಷ ಹೊಸ ನಿಯಮ ಬಂತು. ಮೇಲಿನ ತರಗತಿಗಳಿಗೆ ಕಂಪ್ಯೂಟರ್ ಪಾಠ ಮಾಡುವವರು ಆ ವಿಷಯದ ಬೋಧನೆಯಲ್ಲೇ ಸ್ನಾತಕೋತ್ತರ ಕೋರ್ಸಿನ ಒಂದು ವರ್ಷವನ್ನಾದರೂ ಮುಗಿಸಿರಬೇಕು. ನಮ್ಮಲ್ಲಿದ್ದದ್ದು ಒಂದೇ ಹುದ್ದೆ. ಅದು ಕೈತಪ್ಪಿದರೆ ನಾನು ಮತ್ತೆ ಗಣಿತಕ್ಕೆ. ಗಣಿತದ ಮೇಲೆ ನನಗೇನೂ ಕೋಪವಿಲ್ಲ. ಆದರೆ ನಲವತ್ತಾರನೇ ವಯಸ್ಸಿನಲ್ಲಿ ಹೊಸದೊಂದರ ರುಚಿ ಹತ್ತಿತ್ತು. ತಾನೇ ಬರೆದ ಪ್ರೋಗ್ರಾಂ ಮೊದಲ ಸಲ ಓಡಿದಾಗ ಮಗು ಕುರ್ಚಿಯಿಂದ ಎದ್ದು ಪಕ್ಕದವರನ್ನೆಲ್ಲ ಕರೆಯುತ್ತದಲ್ಲ, ಅದನ್ನು ನೋಡಿದ ಮೇಲೆ ನನಗೆ ಬೇರೆ ಕೆಲಸ ಬೇಡವಾಗಿತ್ತು.

ಶನಿವಾರ, ಭಾನುವಾರದ ಕೋರ್ಸಿಗೆ ಇಬ್ಬರೂ ಸೇರಿದೆವು.

"ಹುದ್ದೆ ನಿಮ್ದೇ ಅಕ್ಕ. ನಾನು ಸುಮ್ನೆ ನಿಮ್ಮ ಜೊತೆಗೆ ಅಂತ ಓದ್ತೀನಿ," ಅಂದಳು. ನಾನು ನಂಬಿದೆ. ಮನೆಯವಳನ್ನು ನಂಬದೆ ಇನ್ನು ಯಾರನ್ನು ನಂಬುವುದು?

ಆ ಕೋರ್ಸಿನಲ್ಲಿ ಒಂದು ಪದ್ಧತಿಯಿತ್ತು. ಇಬ್ಬಿಬ್ಬರು ಜೋಡಿಯಾಗಬೇಕು. ಒಬ್ಬರು ತಮ್ಮ ಶಾಲೆಯಲ್ಲಿ ಪಾಠ ಮಾಡುವಾಗ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು, ನಿಮಿಷ ನಿಮಿಷಕ್ಕೂ ಕಂಡದ್ದನ್ನು ಬರೆದು ಕೋರ್ಸಿನ ಪ್ರೊಫೆಸರಮ್ಮನಿಗೆ ಕಳಿಸಬೇಕು. ಆರು ಪಾಠ, ಆರು ವರದಿ. "ತರಗತಿಯಲ್ಲಿ ಕಂಡದ್ದು ಮಾತ್ರ. ಸುಳ್ಳು ಬರೆದರೆ ಆ ವರ್ಷ ಲೆಕ್ಕಕ್ಕಿಲ್ಲ," ಎಂದು ಪ್ರೊಫೆಸರಮ್ಮ ಮೊದಲ ದಿನವೇ ಹೇಳಿದ್ದರು.

ಅವಳ ಪಾಠದಲ್ಲಿ ನಾನು ಕಂಡದ್ದು ಇಷ್ಟು: ಇಡೀ ಪ್ರೋಗ್ರಾಮನ್ನು ಅವಳೇ ಪರದೆಯ ಮೇಲೆ ಟೈಪ್ ಮಾಡುತ್ತಾಳೆ, ಮಕ್ಕಳು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಯಾರಾದರೂ ಪ್ರಶ್ನೆ ಕೇಳಿದರೆ "ಮೊದ್ಲು ಬರ್ಕೋ, ಆಮೇಲೆ ಅರ್ಥ ಆಗುತ್ತೆ" ಎನ್ನುತ್ತಾಳೆ. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಹನ್ನೊಂದು ನಿಮಿಷ ಕೈ ಎತ್ತಿಕೊಂಡೇ ಇದ್ದಳು. ನೋವಾದಾಗ ಕೈ ಬದಲಿಸಿದಳು. ನಾನು ಬರೆದದ್ದು: "ಮಕ್ಕಳು ಪಾಠದಲ್ಲಿ ತಲ್ಲೀನರಾಗಿದ್ದರು. ಶಿಕ್ಷಕಿಯ ವಿವರಣೆ ಅತ್ಯುತ್ತಮ." ಆರು ಸಲವೂ ಹೆಚ್ಚುಕಡಿಮೆ ಅದನ್ನೇ ಬರೆದೆ. ಚಿಕ್ಕವಳು, ಮನೆಯವಳು, ಅವಳ ಹೊಟ್ಟೆಯ ಮೇಲೆ ಯಾಕೆ ಹೊಡೆಯಬೇಕು ಅಂತ. ಬರೆದದ್ದನ್ನು ಅವಳಿಗೆ ಓದಿ ಹೇಳಿ, ಒಂದು ಪ್ರತಿಯನ್ನೂ ಕೊಡುತ್ತಿದ್ದೆ. ಅವಳ ಮುಖ ಊರಗಲ ಆಗುತ್ತಿತ್ತು.

"ನನ್ನ ಬಗ್ಗೆ ಏನ್ ಬರ್ದೆ?" ಎಂದರೆ, "ಚೆನ್ನಾಗೇ ಬರ್ದಿದೀನಿ ಅಕ್ಕ," ಎನ್ನುತ್ತಿದ್ದಳು.

ನನ್ನ ನಾಲ್ಕನೇ ಪಾಠ ಹಳ್ಳ ಹಿಡಿಯಿತು. ಪ್ರೋಗ್ರಾಮಿನೊಳಗೆ ತನ್ನನ್ನೇ ತಾನು ಮತ್ತೆ ಮತ್ತೆ ಕರೆದುಕೊಳ್ಳುವ ಫಂಕ್ಷನ್ ಅಂದಿನ ವಿಷಯ. ಎಲ್ಲಿ ನಿಲ್ಲಬೇಕು ಎಂಬ ಷರತ್ತು ಬರೆಯಲು ಮರೆತೆ. ಪರದೆಯ ತುಂಬ ಅಂಕಿಗಳು ಓಡಿದವು, ಆಮೇಲೆ ಕಂಪ್ಯೂಟರ್ ಕಲ್ಲಾಯಿತು. ಮಕ್ಕಳು ನಕ್ಕರು, ನಾನೂ ನಕ್ಕೆ. ಎಲ್ಲಿ ತಪ್ಪಿತು ಎಂದು ಅವರೇ ಹುಡುಕಿ ಹೇಳಿದರು. ಸಂಜೆ ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ ಅವಳ ಹತ್ತಿರ ಮನಸ್ಸು ಬಿಚ್ಚಿದೆ.

"ಆ ವಿಷ್ಯ ನನಗೇ ಸರಿಯಾಗಿ ತಲೆಗೆ ಹತ್ತಿಲ್ಲ ಕಣೆ. ಮಕ್ಕಳ ಮುಂದೆ ನಿಲ್ಲೋಕೆ ಭಯ ಆಗುತ್ತೆ. ನೀನೇ ಒಂದ್ಸಲ ಹೇಳ್ಕೊಡು."

ಹೇಳಿಕೊಟ್ಟಳು, ಪಾಪ. ಚೆನ್ನಾಗಿಯೇ ಹೇಳಿಕೊಟ್ಟಳು.

ಕೋರ್ಸಿನ ಮೊದಲ ವರ್ಷದ ಪರೀಕ್ಷೆಗಳು ಮುಗಿದ ವಾರ ಹೆಡ್ಮಾಸ್ಟರು ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಎರಡು ಅರ್ಜಿಗಳಿದ್ದವು. ಒಂದು ನನ್ನದು. ಇನ್ನೊಂದು ಅವಳದು ಎಂದು ನನಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ಅದಕ್ಕೆ ಹನ್ನೆರಡು ವರದಿಗಳನ್ನು ಲಗತ್ತಿಸಿದ್ದಳು: ನಾನು ಅವಳ ಬಗ್ಗೆ ಬರೆದ ಆರು, ಅವಳು ನನ್ನ ಬಗ್ಗೆ ಬರೆದ ಆರು. ಹೆಡ್ಮಾಸ್ಟರು ಕನ್ನಡಕ ಸರಿಮಾಡಿಕೊಂಡು ನಾಲ್ಕನೆಯದನ್ನು ಓದಿದರು.

"'ವಿಷಯ ತಮಗೇ ಅರ್ಥವಾಗಿಲ್ಲ ಎಂದೂ, ಮಕ್ಕಳ ಮುಂದೆ ನಿಲ್ಲಲು ಭಯವಾಗುತ್ತದೆ ಎಂದೂ ಶಿಕ್ಷಕಿ ಒಪ್ಪಿಕೊಂಡರು.' ಇದು ನಿಜವೇನಮ್ಮಾ?"

ಅಡುಗೆಮನೆಯ ಮಾತು! ಈಳಿಗೆಮಣೆಯ ಮುಂದೆ ಕೂತು ಆಡಿದ ಮಾತನ್ನು ತರಗತಿಯಲ್ಲಿ ಕಂಡದ್ದು ಅಂತ ಬರೆದಿದ್ದಾಳೆ. ಹಾವಿಗೆ ಹಾಲೆರೆದೆನಲ್ಲ! ಅವಳತ್ತ ತಿರುಗಿದೆ. ಅವಳು ಗೋಡೆಯ ಮೇಲಿನ ವೇಳಾಪಟ್ಟಿ ನೋಡುತ್ತಿದ್ದಳು.

"ನಾನು ಇದನ್ನ ತರಗತೀಲಿ ಹೇಳಿಲ್ಲ ಸರ್. ಮನೇಲಿ ಹೇಳಿದ್ದು."

"ಹೇಳಿದ್ದು ಹೌದು ತಾನೇ?" ಅಂದರು. ಅಳಿಯ ಅಲ್ಲ, ಮಗಳ ಗಂಡ. ಆಮೇಲೆ ನನ್ನ ವರದಿಗಳನ್ನು ಮುಂದಕ್ಕೆ ತಳ್ಳಿದರು. "ಇಲ್ಲಿ ಇವರನ್ನ ಅತ್ಯುತ್ತಮ ಅಂತ ನೀವೇ ಬರ್ದಿದೀರಿ, ಆರು ಸಲ. ಇದೂ ಸುಳ್ಳಾ?"

ನಿಜ ಎಂದರೆ ಹುದ್ದೆ ಅವಳಿಗೆ. ಸುಳ್ಳು ಎಂದರೆ ನನ್ನ ಒಂದು ವರ್ಷದ ಓದು ನೀರಿನಲ್ಲಿ ಹೋಮ, ಹುದ್ದೆಯೂ ಇಲ್ಲ. ನಾನು ಕೈಯಾರೆ ತೋಡಿದ ಗುಂಡಿ ಅದು. ಆದರೆ ನಾನು ಬಿದ್ದರೂ ಪರವಾಗಿಲ್ಲ, ಅವಳು ಗೆಲ್ಲಬಾರದು ಎನ್ನಿಸಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗ ನನಗೆ ಮಕ್ಕಳು ನೆನಪಾಗಲಿಲ್ಲ.

"ಹೌದು ಸರ್. ಆರೂ ಸುಳ್ಳು," ಅಂದೆ. ಕಂಡದ್ದನ್ನೆಲ್ಲ ಹೇಳಿದೆ, ಹನ್ನೊಂದು ನಿಮಿಷ ಕೈ ಎತ್ತಿದ್ದ ಹುಡುಗಿಯನ್ನೂ ಸೇರಿಸಿ.

ಹೆಡ್ಮಾಸ್ಟರು ಕೋರ್ಸಿನವರಿಗೆ ಪತ್ರ ಬರೆದರು. ನನ್ನ ವರ್ಷ ರದ್ದಾಯಿತು, ಅಡುಗೆಮನೆಯ ಮಾತಿಗಾಗಿ ಅವಳದೂ ರದ್ದಾಯಿತು. ಹುದ್ದೆಗೆ ಹೊರಗಿನಿಂದ ಯಾರನ್ನೋ ಕರೆಸುತ್ತಾರಂತೆ. ನನಗೆ ಮತ್ತೆ ಗಣಿತ.

ಹೆಡ್ಮಾಸ್ಟರು ಕರೆಸಿದ್ದ ದಿನ ಮನೆಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಇನ್ನೂ ಶಾಲೆಯ ಸೀರೆಯಲ್ಲೇ ಇದ್ದಳು, ಕಣ್ಣು ಕೆಂಪಾಗಿತ್ತು. ಬೈಯಲು ನನ್ನ ಬಾಯಲ್ಲಿ ಬೇಕಾದಷ್ಟಿತ್ತು. ಅವಳೇ ಮೊದಲು ಮಾತಾಡಿದಳು.

"ನಿಮ್ಮ ವರದಿ ಓದಿ ಓದೀನೇ ಅರ್ಜಿ ಹಾಕಿದ್ದು ಅಕ್ಕ. ನಾನು ನಿಮಗಿಂತ ಚೆನ್ನಾಗಿ ಪಾಠ ಮಾಡ್ತೀನಿ ಅಂತ ನಂಬ್ಕೊಂಡಿದ್ದೆ. ಹೇಳಿ, ಅಷ್ಟು ಕೆಟ್ಟದಾಗಿ ಮಾಡ್ತೀನಾ?"

ಅವಳು ನಿಜವಾಗಿಯೂ ಕೇಳುತ್ತಿದ್ದಳು. ಮೊದಲ ಪಾಠದ ದಿನವೇ ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದಳೇನೋ. ಅವತ್ತು ಹೇಳಲು ನನಗೆ ಬಾಯಿ ಬಂದಿರಲಿಲ್ಲ. ಈಗ ತಡೆಯಿಲ್ಲದೆ ಬಂತು.

"ಹೌದು," ಅಂದೆ. ಅವಳನ್ನು ದಾಟಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.