ಗುರುಬಾಯಿ ಮರೆತ ಲಟಿಕೆ

ಫೋನಿನ ಕೆಲಸಕ್ಕೆ ಮುಖ ಬೇಕಿಲ್ಲ, ದನಿ ಇದ್ದರೆ ಸಾಕು. ಹೈದರಾಬಾದಿನ ತುಂಬ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಬೇಗಂಪೇಟೆಯ ಕಾಲ್ ಸೆಂಟರಿನಲ್ಲಿ ಅಹಲ್ಯಾಳ ಕೆಲಸ ಉಳಿದದ್ದೇ ಹಾಗೆ. ಕೆನ್ನೆ, ಮೂಗು ಕೆಂಪಾಗಿ, ಮೇಲೆ ಸಣ್ಣ ಗುಳ್ಳೆಗಳೆದ್ದು ತಿಂಗಳುಗಳೇ ಆಗಿದ್ದವು. ಅಮೆರಿಕದ ಗಿರಾಕಿಗಳು ಅವಳ ದನಿಗೆ ಮರುಳಾಗುತ್ತಿದ್ದರು. ಪಕ್ಕದ ಕುರ್ಚಿಯವರು ಊಟಕ್ಕೆ ಬೇರೆ ಮೇಜು ಹುಡುಕುತ್ತಿದ್ದರು. ಹೋಗಲಿ, ಅವರ ಗೊಡವೆ ಯಾರಿಗೆ ಬೇಕು!

ಅವಳನ್ನು ಕೊರೆಯುತ್ತಿದ್ದದ್ದು ಗುರುಬಾಯಿಯ ಚಿಂತೆ. ತಾರ್ನಾಕದಲ್ಲಿ ಅವಳ ಬಾಡಿಗೆ ಕೋಣೆಯ ಎದುರು ಮನೆಯವರು, ಬೀದರ್ ಕಡೆಯವರು. ಆ ಇಡೀ ಓಣಿಯಲ್ಲಿ ಅವಳೊಂದಿಗೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ತಾಯಿಯಿಲ್ಲದ ಹುಡುಗಿ ಎಂದು, ಕೆಲಸಕ್ಕೆ ಹೊರಟಾಗಲೆಲ್ಲ ಎರಡೂ ಅಂಗೈಯಿಂದ ಅವಳ ಕೆನ್ನೆ ಸವರಿ, ಬೆರಳುಗಳನ್ನು ತಮ್ಮ ಹಣೆಯ ಪಕ್ಕದ ಕಣತಲೆಗೆ ಒತ್ತಿ ಲಟಲಟ ಲಟಿಕೆ ಮುರಿದು ದೃಷ್ಟಿ ತೆಗೆಯುತ್ತಿದ್ದರು. ಮುಖ ಕೆಂಪಾದದ್ದೇ ತಡ, ಬಾಗಿಲಿಗೆ ಬರುವುದನ್ನೇ ಬಿಟ್ಟರು. ಎದುರಾದರೆ ಸೆರಗೆಳೆದುಕೊಂಡು, ನೆಲ ನೋಡುತ್ತ ಒಳಗೆ ಹೋಗುತ್ತಿದ್ದರು. ಹೊರಗಿನವರು ಮೂಗು ಮುರಿದರೆ ತಡೆದುಕೊಳ್ಳಬಹುದು. ಆ ಕೈಗಳಿಗೂ ತಾನು ಬೇಡವಾದೆನೆಂದು ಅಹಲ್ಯಾ ಒಬ್ಬಳೇ ಕೂತು ಅಳುತ್ತಿದ್ದಳು.

ಮೆಡಿಕಲ್ ಅಂಗಡಿಯವ ಕೊಟ್ಟ ಟ್ಯೂಬು ಹಚ್ಚಿದರೆ ಎರಡು ದಿನ ತಂಪು, ಆಮೇಲೆ ದುಪ್ಪಟ್ಟು ಉರಿ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಳು. ಡಾಕ್ಟರಮ್ಮ ಕೆನ್ನೆಯಿಂದ ಒಂದಿಷ್ಟು ಕೆರೆದು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಇಣುಕಲು ಹೇಳಿದರು. ಮೋಟು ಕಾಲು, ಉದ್ದ ಮೈಯ ನುಸಿಗಳು! ಅಹಲ್ಯಾ ಬೆಚ್ಚಿ ಹಿಂದೆ ಸರಿದಳು.

“ಹೆದರಬೇಡ, ಇವು ನನ್ನ ಮುಖದಲ್ಲೂ ಇವೆ,” ಎಂದು ಡಾಕ್ಟರಮ್ಮ ತೆಲುಗಿನಲ್ಲಿ ಹೇಳಿ ನಕ್ಕರು. ದೊಡ್ಡವರ ಮುಖದಲ್ಲಿ, ಕೂದಲ ಬುಡದಲ್ಲಿ ಸುಮ್ಮನೆ ಬದುಕಿಕೊಂಡಿರುವ ಜೀವಗಳಂತೆ. ಅಹಲ್ಯಾಳ ಚರ್ಮ ಮೊದಲೇ ಬೇಗ ಮುನಿಯುವಂಥದ್ದು. ಆ ಟ್ಯೂಬಿನ ಸ್ಟಿರಾಯ್ಡ್ ಅದರ ಕಾವಲು ತೆಗೆದು ನುಸಿಗಳಿಗೆ ಹಬ್ಬ ಮಾಡಿಕೊಟ್ಟಿತ್ತು. ಬೇರೆ ಮುಲಾಮು ಬರೆದರು. ವಾಸಿಯಾಗಲು ದಿನ ಹಿಡಿಯುತ್ತದೆ, ಆದರೆ ಮುಟ್ಟಿದವರಿಗೆ ಈ ರೋಗ ಅಂಟುವುದಿಲ್ಲ ಎಂದರು.

ಆ ಒಂದು ಮಾತು ಹಿಡಿದುಕೊಂಡು ಅಹಲ್ಯಾ ಸೀದಾ ಗುರುಬಾಯಿಯ ಬಾಗಿಲಿಗೆ ಬಂದಳು.

“ಕಾಕೂ, ಇದು ಅಂಟೋ ರೋಗ ಅಲ್ಲರಿ. ನನ್ನ ಕಂಡ್ರ ಯಾಕ ಹೇಸ್ತೀರಿ?”

“ಹೇಸೋದಾ? ಎಂಥಾ ಮಾತವ್ವಾ!” ಗುರುಬಾಯಿ ಗಾಬರಿಯಾದರು. “ನಂದೇ ಕಣ್ಣು ಹತ್ತೇತಿ ನಿನಗ. ಮೊದಲ ಪಗಾರದಾಗ ಹೊಸಾ ಸೀರಿ ಉಟ್ಕೊಂಡು ಬಂದಿದ್ದಿ. ಏನು ಮಾರಿ, ಏನು ಕಳಾ ಅಂತ ಬಾಯಿ ತುಂಬ ಅಂದೆ. ಅವತ್ತೇ ಲಟಿಕಿ ಮುರಿಯೋದು ಮರ್ತೆ. ಮರುದಿನ ನಿನ್ನ ಮಾರಿ ಕೆಂಪಾತು. ಇನ್ನ ಹ್ಯಾಂಗ ನೋಡ್ಲಿ ನಿನ್ನ?”

ಇಷ್ಟು ದಿನ, ಒಂದು ಓಣಿಯ ಆಚೆ ಈಚೆ, ಇಬ್ಬರೂ ಬೇರೆ ಬೇರೆ ಕೂತು ಒಬ್ಬೊಬ್ಬರೇ ನೋವುಂಡಿದ್ದರು. ಅಹಲ್ಯಾಳಿಗೆ ಸಿಟ್ಟು ಬಂತು.

“ನಿಮ್ಮ ಕಣ್ಣಲ್ಲ ಕಾಕೂ, ನುಸಿ. ನಿಮ್ಮ ಮಾರ್ಯಾಗೂ ಅದಾವ.”

“ನನ್ನ ಮಾರ್ಯಾಗ?” ಗುರುಬಾಯಿ ಕೆನ್ನೆ ಮುಟ್ಟಿಕೊಂಡರು. ನಂಬಿದರೋ ಇಲ್ಲವೋ. ಹಳೆಯ ರೂಢಿಯಿಂದ ಅವರ ಕೈಗಳು ಮೇಲೆದ್ದವು. ಅಹಲ್ಯಾಳ ಮುಖದ ಹತ್ತಿರ ಬಂದು, ಹೆದರಿ ನಿಂತವು.

ಅಹಲ್ಯಾ ಆ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಮುಖ ಭಗ್ಗನೆ ಉರಿಯಿತು. ಅವಳು ಬಿಡಲಿಲ್ಲ.